ಆರ್ಮ್‌ಸ್ಟ್ರಾಂಗ್, ಹರ್ಷದ್ ಸಂಖ್ಯೆ ಪ್ರೋಗ್ರಾಂ ಬರೆಯೋರಿಗೆ

ವಿಜಯಪುರದ ಬಿಸಿಎ ಹುಡುಗ್ರು, ಲ್ಯಾಬ್ ಪರೀಕ್ಷೆ ಹತ್ರ ಬಂದೈತಿ, ಇದನ್ನೊಮ್ಮೆ ಓದ್ರಿ.

ಅಂಕಿ ಬಿಡಿಸೋದು ಸರಳ: 10ರಿಂದ ಭಾಗಿಸಿದಾಗ ಉಳಿಯೋ ಶೇಷವೇ ಕೊನೆಯ ಅಂಕಿ, ಭಾಗಲಬ್ಧ ಇಟ್ಕೊಂಡು ಲೂಪ್‌ದಾಗ ಮತ್ತ ಹಂಗೇ ಮಾಡ್ರಿ. ಆದ್ರ ಲೂಪ್ ಮುಗಿಯೋದ್ರಾಗ ಸಂಖ್ಯೆ ಸೊನ್ನೆ ಆಗಿರ್ತದ, ಅದಕ್ಕ ಮೊದಲೇ ಬೇರೆ ವೇರಿಯೇಬಲ್‌ನ್ಯಾಗ ಕಾಪಿ ಇಟ್ಕೋರಿ.

ಆರ್ಮ್‌ಸ್ಟ್ರಾಂಗ್ ಅಂದ್ರ ತನ್ನ ಅಂಕಿಗಳ ಘಾತಗಳನ್ನ ಕೂಡಿಸಿದ್ರ ಅದೇ ಸಂಖ್ಯೆ ಬರೋದು. ಅದಕ್ಕ ಎಲ್ಲಾರೂ ಕಣ್ಣು ಮುಚ್ಚಿ ಘನ ಹಾಕ್ತಾರ. 153ಕ್ಕ ಸರಿ, 1634ಕ್ಕ ತಪ್ಪು. ಎಷ್ಟು ಅಂಕಿ ಅದಾವೋ ಅಷ್ಟನೇ ಘಾತ ಬೇಕು. ಸಿ ಭಾಷೆಯಾಗ ಘಾತ ಲೆಕ್ಕ ಹಾಕೋ ಪವ್ (pow) ಫಂಕ್ಷನ್ ನಂಬಬ್ಯಾಡ್ರಿ. ಅದು ದಶಮಾಂಶದಾಗ ಉತ್ತರ ಕೊಡ್ತದ. ಇಂಟಿಜರ್‌ಗೆ (ಪೂರ್ಣಾಂಕದ ವೇರಿಯೇಬಲ್‌ಗೆ) ಹಾಕಿದ್ರ 5ರ ವರ್ಗಕ್ಕ ಕೆಲವು ಕಂಪೈಲರ್‌ದಾಗ 25 ಬರೋ ಕಡೆ 24 ಬರ್ತದ. ಲೂಪ್ ಹಾಕಿ ಗುಣಿಸೋದೇ ಛಲೋ. 370, 371, 407, 8208, 9474 ಕೊಟ್ಟು ನೋಡ್ರಿ, ಎಲ್ಲಾ ಪಾಸ್ ಆಗಬೇಕು. ಎರಡಂಕಿಯ ಯಾವುದೂ ಪಾಸ್ ಆಗಬಾರದು.

ಹರ್ಷದ್ ಅಂದ್ರ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗೋ ಸಂಖ್ಯೆ. ಈ ಹೆಸರು ಇಟ್ಟವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮಾಸ್ತರ ಕಾಪ್ರೇಕರ್, 6174ರ ಗಮ್ಮತ್ತು (ಕಾಪ್ರೇಕರ್ ಸ್ಥಿರಾಂಕ) ಕಂಡುಹಿಡಿದವರು ಅವರೇ. ನಮ್ಮೂರ ಎಸ್‌ಟಿಡಿ ಕೋಡ್ 8352 ಹರ್ಷದ್ ಐತ್ರಿ: ಮೊತ್ತ 18, ಭಾಗಿಸಿದ್ರ 464. ಬಾಗಲಕೋಟೆಯ 8354, ಬೆಳಗಾವಿಯ 831 ಅಲ್ಲ. (ಬೆಳಗಾವಿಯವ್ರು ಸಿಟ್ಟಾಗಬ್ಯಾಡ್ರಿ!) ಕೋಡ್‌ದಾಗ ಮಾತ್ರ 08352 ಅಂತ ಮುಂದೆ ಸೊನ್ನೆ ಹಚ್ಚಿ ಬರದ್ರ ಸಿ, ಪೈಥಾನ್ ಎರಡರಾಗೂ ಎರರ್. ಇನ್ನ, ಬಳಕೆದಾರ 0 ಕೊಟ್ರ ಸೊನ್ನೆಯಿಂದ ಭಾಗಾಕಾರ ಆಗ್ತದ, ಅದಕ್ಕೊಂದು ಇಫ್ ಹಾಕ್ರಿ.