ಕ್ಲೆಮೆನ್ಸ್‌ ಅಥವಾ ಅಲಿಸನ್‌? ಲಿವರ್‌ಪೂಲ್ ಕೀಪರ್ ಜಗಳವನ್ನು ನಾನು ಬಗೆಹರಿಸಿಕೊಂಡ ರೀತಿ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಅಭಿಮಾನಿಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಸ್ವಲ್ಪ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕ್ಲಬ್‌ನ ಇತಿಹಾಸದಲ್ಲೇ ದೊಡ್ಡ ಗೋಲ್‌ಕೀಪರ್ ಯಾರು? ಹುಡುಗರೆಲ್ಲ 2018ರಲ್ಲಿ ಬಂದ ಬ್ರೆಜಿಲ್‌ನ ಅಲಿಸನ್ ಅಂತಾರೆ. ವಯಸ್ಸಾದವರು ಎಪ್ಪತ್ತರ ದಶಕದ ರೇ ಕ್ಲೆಮೆನ್ಸ್ ಅಂತಾರೆ. ಮಧ್ಯದಲ್ಲಿ ಒಬ್ಬರು ಎದ್ದು 'ಇಸ್ತಾನ್‌ಬುಲ್ ಮರೆತುಬಿಟ್ರಾ' ಅಂತ ಡುಡೆಕ್ ಹೆಸರು ತರುತ್ತಾರೆ. ಆಮೇಲೆ ಯಾರ ಗಂಟಲು ಜೋರೋ ಅವರದೇ ಗೆಲುವು.

ನಾನು ಬೆಂಗಳೂರಿನ ಫುಟ್‌ಬಾಲ್ ಟರ್ಫ್‌ಗಳಲ್ಲಿ ವಾರಾಂತ್ಯ ಗೋಲು ಕಾಯುವವನು. ಕೀಪರ್‌ಗಳ ಬಗ್ಗೆ ಮಾತು ಬಂದರೆ ಸುಮ್ನೆ ಕೂರುವುದಕ್ಕೆ ಆಗಲ್ಲ. ಹಾಗಾಗಿ ಒಮ್ಮೆ ಕೂತು, ಹಳೆಯ ಪಂದ್ಯಗಳನ್ನೆಲ್ಲ ಹುಡುಕಿ ನೋಡಿ, ನನ್ನ ಮಟ್ಟಿಗಾದರೂ ಒಂದು ಉತ್ತರ ತೀರ್ಮಾನ ಮಾಡಿಕೊಳ್ಳೋಣ ಅಂತ ಹೊರಟೆ. ಅದನ್ನು ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ, ಇಷ್ಟವಾದ ಕೀಪರ್ ಬೇರೆ, ದೊಡ್ಡ ಕೀಪರ್ ಬೇರೆ ಅಂತ ಎರಡು ಪಟ್ಟಿ ಮಾಡಿದ್ದು. ಜೆರ್ಜಿ ಡುಡೆಕ್ ನನಗೆ ತುಂಬಾ ಇಷ್ಟ. 2005ರ ಮೇ 25ರಂದು ಇಸ್ತಾನ್‌ಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಮಧ್ಯರಾತ್ರಿ ದಾಟಿ ಎಷ್ಟೋ ಹೊತ್ತಾಗಿತ್ತು. ಎಸಿ ಮಿಲಾನ್ ವಿರುದ್ಧ 3-0 ಹಿಂದಿದ್ದವರು 3-3 ಮಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಹೆಚ್ಚುವರಿ ಸಮಯ ಮುಗಿಯುತ್ತಾ ಬಂದಾಗ ಶೆವ್‌ಚೆಂಕೊ ತಲೆಯಿಂದ ಹೊಡೆದದ್ದನ್ನು ತಡೆದು, ಚೆಂಡು ಮತ್ತೆ ಅವನ ಕಾಲಿಗೇ ಬಂದು ಎರಡು ಮಾರು ದೂರದಿಂದ ಹೊಡೆದಾಗಲೂ ಕೈ ಮೇಲೆತ್ತಿ ಬಾರ್‌ ಆಚೆ ಕಳಿಸಿದ್ದು ಇವತ್ತಿಗೂ ನಂಬಲಾಗದ ಸೇವ್. ಆಮೇಲೆ ಪೆನಾಲ್ಟಿಯಲ್ಲಿ ಪಿರ್ಲೊ ಹೊಡೆದದ್ದನ್ನೂ ಹಿಡಿದ, ಕೊನೆಗೆ ಶೆವ್‌ಚೆಂಕೊದನ್ನೂ ಹಿಡಿದ. ಆದರೂ ಅದು ಒಂದು ರಾತ್ರಿ. ದೊಡ್ಡವನು ಅನ್ನಬೇಕಾದರೆ ಐದಾರು ಸೀಸನ್ ಆದರೂ ಆ ಗೋಲು ಅವನದೇ ಆಗಿರಬೇಕು. ಹೀಗೆ ಒಂದು ಗೆರೆ ಎಳೆದ ಮೇಲೆ ಉಳಿದವರು ಆರು ಜನ. ಎಲಿಷಾ ಸ್ಕಾಟ್, ಟಾಮಿ ಲಾರೆನ್ಸ್, ಕ್ಲೆಮೆನ್ಸ್, ಬ್ರೂಸ್ ಗ್ರೊಬ್ಬೆಲಾರ್, ಪೆಪೆ ರೈನಾ, ಅಲಿಸನ್.

ಎರಡನೆಯದು, ಸೇವ್‌ಗಳನ್ನು ಕತ್ತರಿಸಿ ಜೋಡಿಸಿದ ವಿಡಿಯೊಗಳನ್ನು ನೋಡುವುದನ್ನು ಪೂರ್ತಿ ಬಿಟ್ಟೆ. ಅವುಗಳಲ್ಲಿ ಹಾರಿದವನೇ ಹೀರೊ. ಆದರೆ ನಿಂತ ಜಾಗ ಸರಿ ಇದ್ದರೆ ಎಷ್ಟೋ ಸಲ ಹಾರುವ ಅಗತ್ಯವೇ ಬರುವುದಿಲ್ಲ, ಚೆಂಡು ನೇರವಾಗಿ ಎದೆಗೆ ಬರುತ್ತದೆ. ಅಂಥ ಸೇವ್ ಯಾವ ವಿಡಿಯೊದಲ್ಲೂ ಇರಲ್ಲ. ಹಾಗಾಗಿ ಪೂರ್ತಿ ಪಂದ್ಯ ಹಾಕಿಕೊಂಡು, ಚೆಂಡನ್ನು ಬಿಟ್ಟು ಕೀಪರ್‌ನನ್ನೇ ನೋಡಿದೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುವುದರಿಂದ ಕೀಪರ್ ಮುಕ್ಕಾಲು ಹೊತ್ತು ಕಾಣುವುದೇ ಇಲ್ಲ, ನಿಜ. ಆದರೆ ಎದುರಾಳಿ ನಮ್ಮ ಕಡೆ ನುಗ್ಗಿ ಬಂದು ಕೀಪರ್ ಪರದೆಯೊಳಗೆ ಬರುವ ಆ ಮೊದಲ ಕ್ಷಣ ಇದೆಯಲ್ಲ, ಅದನ್ನು ನಿಲ್ಲಿಸಿ ನೋಡಬೇಕು. ಗೆರೆ ಮೇಲೆ ನಿಂತಿದ್ದಾನಾ, ಮುಂದೆ ಬಂದಿದ್ದಾನಾ? ಕಾಲು ನೆಲದ ಮೇಲಿದೆಯಾ, ಇನ್ನೂ ಓಡುತ್ತಿದ್ದಾನಾ? ನಾನೂ ಗ್ಲೌಸ್ ಹಾಕುವವನಾದ್ದರಿಂದ ಅಷ್ಟರಲ್ಲೇ ಸಾಕಷ್ಟು ಗೊತ್ತಾಗುತ್ತದೆ.

ಕ್ಲೆಮೆನ್ಸ್‌ನ ಮೂರು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್‌ಗಳನ್ನು ಹೀಗೆ ನೋಡಿದೆ. 1977ರಲ್ಲಿ ರೋಮ್‌ನಲ್ಲಿ ಬೊರುಸ್ಸಿಯಾ ಮೊಂಚೆನ್‌ಗ್ಲಾಡ್‌ಬಾಕ್ ವಿರುದ್ಧ, 1978ರಲ್ಲಿ ವೆಂಬ್ಲಿಯಲ್ಲಿ ಕ್ಲಬ್ ಬ್ರೂಜ್ ವಿರುದ್ಧ, 1981ರಲ್ಲಿ ಪ್ಯಾರಿಸ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ. ಮೂರೂ ಗೆಲುವು. ಮೂರೂ ಸೇರಿ ಅವನು ಬಿಟ್ಟದ್ದು ಒಂದೇ ಗೋಲು, 1977ರಲ್ಲಿ ಸಿಮೊನ್ಸನ್ ಹೊಡೆದದ್ದು.

ಆ ಗೋಲಿನ ನಂತರದ ಕೆಲವು ನಿಮಿಷಗಳೇ ನನ್ನ ಪಾಲಿಗೆ ಈ ಇಡೀ ಚರ್ಚೆಯ ಜೀವ. ಸ್ಕೋರ್ 1-1. ಜರ್ಮನ್ನರು ಮೇಲೆ ಬಿದ್ದು ಆಡುತ್ತಿದ್ದಾರೆ. ಸ್ಟೀಲಿಕೆ ಒಬ್ಬನೇ ನುಗ್ಗಿಬಿಟ್ಟ. ಕ್ಲೆಮೆನ್ಸ್ ಗೆರೆ ಬಿಟ್ಟು ಅಷ್ಟು ಬೇಗ ಹೊರಗೆ ಬಂದ ಅಂದರೆ, ಸ್ಟೀಲಿಕೆಗೆ ತಲೆ ಎತ್ತಿ ಮೂಲೆ ಆರಿಸುವುದಕ್ಕೂ ಸಮಯ ಸಿಗಲಿಲ್ಲ. ಹೊಡೆದದ್ದು ಕೀಪರ್‌ನ ಮೈಗೆ ಬಡಿದು ಹೋಯಿತು. ಸ್ವಲ್ಪ ಹೊತ್ತಿಗೆ ಟಾಮಿ ಸ್ಮಿತ್ ತಲೆಯಿಂದ ಗೋಲು ಹೊಡೆದ, ಕೊನೆಯಲ್ಲಿ ಫಿಲ್ ನೀಲ್ ಪೆನಾಲ್ಟಿ, 3-1. ಕ್ಲಬ್‌ನ ಮೊದಲ ಯುರೋಪಿಯನ್ ಕಪ್ ಅದು. ಸ್ಟೀಲಿಕೆಯದು ಒಳಗೆ ಹೋಗಿದ್ದರೆ ಏನಾಗುತ್ತಿತ್ತೋ. ಅಲ್ಲಿ ಹಾರಾಟ ಇಲ್ಲ, ಚಂದದ ಫೋಟೊ ಇಲ್ಲ. ಪಂದ್ಯದ ಬಹುಪಾಲು ಹೆಚ್ಚು ಕೆಲಸವಿಲ್ಲದೆ ನಿಂತವನು ಆ ಒಂದು ಕ್ಷಣಕ್ಕೆ ಸರಿಯಾಗಿ ಹೊರಟಿದ್ದು, ಅಷ್ಟೇ. ಗೋಲು ಕಾದವರಿಗೆ ಗೊತ್ತು, ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಸತತವಾಗಿ ಚೆಂಡು ಬರುತ್ತಿದ್ದರೆ ಮೈ ಬಿಸಿ ಇರುತ್ತದೆ, ಮನಸ್ಸು ತಾನಾಗೇ ಆಟದಲ್ಲಿರುತ್ತದೆ. ಗೆಲ್ಲುವ ತಂಡದ ಕೀಪರ್‌ಗೆ ಆ ಅನುಕೂಲ ಇಲ್ಲ.

ಇನ್ನು ಅಂಕಿಗಳು. 1978-79ರ ಸೀಸನ್‌ನಲ್ಲಿ ಲಿವರ್‌ಪೂಲ್ 42 ಲೀಗ್ ಪಂದ್ಯಗಳಲ್ಲಿ ಬಿಟ್ಟದ್ದು 16 ಗೋಲು. ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಬರೀ 4. 28 ಕ್ಲೀನ್ ಶೀಟ್, ಅಂದರೆ ಒಂದೂ ಗೋಲು ಬಿಡದ ಪಂದ್ಯ. ಒಟ್ಟು ಲಿವರ್‌ಪೂಲ್‌ಗಾಗಿ ಕ್ಲೆಮೆನ್ಸ್ ಆಡಿದ್ದು 665 ಪಂದ್ಯ, ಅದರಲ್ಲಿ 323ರಲ್ಲಿ ಗೋಲೇ ಬಿಟ್ಟಿಲ್ಲ. ಓದಿದರೆ ತಲೆ ತಿರುಗುತ್ತದೆ, ಅಲ್ವಾ? ಆದರೆ ಈ ಅಂಕಿ ಇಟ್ಟುಕೊಂಡು ವಾದ ಗೆಲ್ಲಲು ಹೊರಟವರಿಗೆ ನಾನು ಒಂದು ಮಾತು ಹೇಳುತ್ತೇನೆ. ಕ್ಲೀನ್ ಶೀಟ್ ಕೀಪರ್ ಒಬ್ಬನದಲ್ಲ. ಮುಂದೆ ನೀಲ್, ಥಾಂಪ್ಸನ್, ಹ್ಯಾನ್ಸನ್, ಅಲನ್ ಕೆನಡಿಯಂಥ ಡಿಫೆಂಡರ್‌ಗಳು ನಿಂತಿದ್ದರು. 1978ರ ಫೈನಲ್‌ನಲ್ಲಿ ಹ್ಯಾನ್ಸನ್ ಹಿಂದಕ್ಕೆ ಕೊಟ್ಟ ಪಾಸ್ ಎಡವಟ್ಟಾಗಿ ಬ್ರೂಜ್‌ಗೆ ಅವಕಾಶ ಸಿಕ್ಕಾಗ ಕೊನೆಗೆ ಗೆರೆ ಮೇಲಿಂದ ಚೆಂಡು ತೆಗೆದದ್ದು ಥಾಂಪ್ಸನ್. ಕಾಗದದ ಮೇಲೆ ಅದು ಕ್ಲೆಮೆನ್ಸ್‌ನ ಕ್ಲೀನ್ ಶೀಟ್.

ಈಗಿನ ಪಂದ್ಯಗಳಿಗೆ ಒಳ್ಳೆಯ ಲೆಕ್ಕ ಇದೆ. ಗುರಿಗೆ ಬಂದ ಒಂದೊಂದು ಹೊಡೆತವೂ ಎಷ್ಟು ದೂರದಿಂದ, ಯಾವ ಮೂಲೆಗೆ ಬಂತು ಅಂತ ನೋಡಿ, ಸಾಮಾನ್ಯ ಕೀಪರ್ ಎಷ್ಟು ಗೋಲು ಬಿಡುತ್ತಿದ್ದ, ಇವನು ಎಷ್ಟು ಬಿಟ್ಟ ಅಂತ ಹೋಲಿಸುತ್ತಾರೆ. ಅಲಿಸನ್ ಈ ಲೆಕ್ಕದಲ್ಲಿ ಬಹಳ ಸಲ ಮಿಂಚಿದವನು. ಕ್ಲೆಮೆನ್ಸ್ ಕಾಲಕ್ಕೆ ಇಂಥದ್ದು ಇಲ್ಲವೇ ಇಲ್ಲ. ಹಾಗಾಗಿ ಒಬ್ಬನನ್ನು ಒಂದು ಅಳತೆಯಲ್ಲಿ, ಇನ್ನೊಬ್ಬನನ್ನು ಬೇರೆ ಅಳತೆಯಲ್ಲಿ ತೂಗುವುದು ನ್ಯಾಯ ಅನಿಸಲಿಲ್ಲ. ಅಂಕಿಗಳನ್ನು ಪಕ್ಕಕ್ಕಿಟ್ಟು, ಇಬ್ಬರಿಗೂ ಆಯಾ ಕಾಲ ಏನು ಕೇಳಿತು, ಅದನ್ನು ಅವರು ಕೊಟ್ಟರಾ ಅಂತ ನೋಡಿದೆ.

ಇಲ್ಲಿ 1992 ಬಹಳ ಮುಖ್ಯ. ಅದಕ್ಕೆ ಮುಂಚೆ ನಮ್ಮವನೇ ಕಾಲಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಲಿವರ್‌ಪೂಲ್ ಯುರೋಪಿನಲ್ಲಿ ಹೊರಗೆ ಆಡುವಾಗ ಇದನ್ನು ಚೆನ್ನಾಗಿ ಬಳಸಿಕೊಂಡಿತು. ಒತ್ತಡ ಬಂತಾ, ಕ್ಲೆಮೆನ್ಸ್‌ಗೆ ಕೊಡು, ಅವನು ಹಿಡಿದು ಪಕ್ಕದವನಿಗೆ ಉರುಳಿಸುತ್ತಾನೆ, ಜನರ ಗಲಾಟೆ ತಣ್ಣಗಾಗುತ್ತದೆ. ಇವತ್ತಿನ ಕೀಪರ್‌ಗೆ ಆ ಬಿಡುವು ಇಲ್ಲ. ಎದುರಿಗೆ ಇಬ್ಬರು ಓಡಿ ಬರುತ್ತಿದ್ದರೂ ಕಾಲಲ್ಲೇ ಆಡಬೇಕು. 2018ರಲ್ಲಿ ಲೆಸ್ಟರ್‌ನಲ್ಲಿ ಅಲಿಸನ್ ಇಹೆಯನಾಚೊನನ್ನು ತಪ್ಪಿಸಲು ಹೋಗಿ ಚೆಂಡು ಕಳೆದುಕೊಂಡ, ಗೋಲಾಯಿತು. 2021ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧವೂ ಎರಡು ಕೆಟ್ಟ ಪಾಸ್. ಕ್ಲೆಮೆನ್ಸ್‌ಗೆ ಇಂಥ ಪರೀಕ್ಷೆ ಇರಲಿಲ್ಲ ಅನ್ನುವುದು ಸತ್ಯ. ಅದೇ ಹೊತ್ತಿಗೆ ಅವನು ಆಡಿದ ಮೈದಾನಗಳನ್ನೂ ನೋಡಬೇಕು. ಡರ್ಬಿ ಕೌಂಟಿ ಕ್ಲಬ್‌ನ ಬೇಸ್‌ಬಾಲ್ ಗ್ರೌಂಡ್ ಅನ್ನುವ ಫುಟ್‌ಬಾಲ್ ಮೈದಾನದಲ್ಲಿ ಚಳಿಗಾಲದಲ್ಲಿ ಗೋಲಿನ ಮುಂದೆ ಗದ್ದೆ ಉತ್ತ ಹಾಗೆ ಕೆಸರು. ಬದಿಯಿಂದ ಎತ್ತಿ ಹಾಕಿದ ಕ್ರಾಸ್ ಹಿಡಿಯಲು ಹೋದ ಕೀಪರ್‌ಗೆ ಮೊಣಕೈ, ಭುಜ ಎಲ್ಲ ಬೀಳುತ್ತಿತ್ತು, ರೆಫರಿ ಸೀಟಿ ಊದುವುದು ಈಗಿನಷ್ಟು ಸುಲಭ ಇರಲಿಲ್ಲ.

ಅಲಿಸನ್ ಪಂದ್ಯಗಳನ್ನು ಮತ್ತೆ ನೋಡುವುದೇ ಒಂದು ಖುಷಿ. 2018ರ ಬೇಸಿಗೆಯಲ್ಲಿ ರೋಮಾದಿಂದ ಬಂದ. ಆಗ ಕೀಪರ್‌ಗೆ ಅಷ್ಟು ದುಡ್ಡು ಯಾರೂ ಕೊಟ್ಟಿರಲಿಲ್ಲ. ಕೆಲವೇ ವಾರಗಳಲ್ಲಿ ಚೆಲ್ಸಿ ಕೆಪಾಗೆ ಇನ್ನೂ ಜಾಸ್ತಿ ಕೊಟ್ಟು ಆ ದಾಖಲೆ ಮುರಿಯಿತು, ಅದು ಬೇರೆ ಮಾತು. ಆ ಡಿಸೆಂಬರ್‌ನಲ್ಲಿ ನಾಪೋಲಿ ವಿರುದ್ಧ ಆನ್‌ಫೀಲ್ಡ್‌ನಲ್ಲಿ 1-0 ಮುಂದಿದ್ದೇವೆ, ಒಂದು ಗೋಲು ಬಿಟ್ಟರೆ ಚಾಂಪಿಯನ್ಸ್ ಲೀಗ್‌ನಿಂದ ಹೊರಗೆ. ಕೊನೆಯ ನಿಮಿಷಗಳಲ್ಲಿ ಮಿಲಿಕ್‌ಗೆ ಚೆಂಡು ಸಿಕ್ಕಿತು, ಎದುರಿಗೆ ಅಲಿಸನ್ ಒಬ್ಬನೇ. ಬಹಳ ಕೀಪರ್‌ಗಳು ಅಲ್ಲಿ ಮೊದಲೇ ಕೆಳಗೆ ಬೀಳುತ್ತಾರೆ. ಇವನು ಬೀಳಲ್ಲ. ಮುಂದೆ ಬರುತ್ತಾನೆ, ನಿಲ್ಲುತ್ತಾನೆ, ಮೈ ಅಗಲ ಮಾಡುತ್ತಾನೆ, ಹೊಡೆಯುವವನೇ ಮೊದಲು ತೀರ್ಮಾನ ಮಾಡಲಿ ಅಂತ ಕಾಯುತ್ತಾನೆ. ಆ ಸೇವ್ ಇಲ್ಲದಿದ್ದರೆ ಬಾರ್ಸಿಲೋನಾ ವಿರುದ್ಧದ 4-0 ಇಲ್ಲ, 2019ರ ಜೂನ್ 1ರ ಮ್ಯಾಡ್ರಿಡ್ ಫೈನಲ್ ಇಲ್ಲ. ಆ ಫೈನಲ್‌ನಲ್ಲೂ ಟಾಟನ್‌ಹ್ಯಾಮ್‌ನ ಸನ್, ಮೌರಾ ಹೊಡೆದದ್ದನ್ನು, ಎರಿಕ್ಸನ್‌ನ ಫ್ರೀ ಕಿಕ್ಕನ್ನು ಒಂದರ ಹಿಂದೆ ಒಂದು ತಡೆದ. ಈ 'ಬೀಳದೆ ಕಾಯುವುದನ್ನು' ನಾನು ನಮ್ಮ ಟರ್ಫ್ ಪಂದ್ಯಗಳಲ್ಲಿ ರೂಢಿಸಿಕೊಳ್ಳಲು ನೋಡಿದ್ದೇನೆ. ತಲೆಗೆ ಅರ್ಥವಾದರೂ ಮೈ ಕೇಳುವುದಿಲ್ಲ, ಭಯಕ್ಕೆ ಮೊಣಕಾಲು ತಾನೇ ಮಡಚುತ್ತದೆ. ಅದಕ್ಕೇ ಅಲಿಸನ್ ಬಗ್ಗೆ ನನ್ನ ಗೌರವ ಇಮ್ಮಡಿ.

2021ರ ಮೇ 16. ನಮ್ಮಲ್ಲಿ ಕೊರೊನಾ ಎರಡನೇ ಅಲೆ, ಲಾಕ್‌ಡೌನ್, ಎಲ್ಲರೂ ಅವರವರ ಮನೆಯಲ್ಲಿ. ಅಲ್ಲಿಯೂ ವೆಸ್ಟ್ ಬ್ರಾಮ್‌ನ ಮೈದಾನದಲ್ಲಿ ಪ್ರೇಕ್ಷಕರಿಲ್ಲ. 1-1, ಪಂದ್ಯದ ಕೊನೆಯ ಕಾರ್ನರ್, ಅಲಿಸನ್ ಮೇಲೆ ಬಂದು ತಲೆಯಿಂದ ಗೋಲು ಹೊಡೆದ. ಲಿವರ್‌ಪೂಲ್‌ಗೆ ಅಧಿಕೃತ ಪಂದ್ಯದಲ್ಲಿ ಗೋಲು ಹೊಡೆದ ಮೊದಲ ಕೀಪರ್. ಆ ಫೆಬ್ರವರಿಯಲ್ಲೇ ಅವನ ತಂದೆ ಬ್ರೆಜಿಲ್‌ನಲ್ಲಿ ನೀರಲ್ಲಿ ಮುಳುಗಿ ತೀರಿಕೊಂಡಿದ್ದರು, ಕೊರೊನಾ ನಿರ್ಬಂಧದಿಂದ ಅಂತ್ಯಸಂಸ್ಕಾರಕ್ಕೆ ಹೋಗಲೂ ಆಗಿರಲಿಲ್ಲ. ಪಂದ್ಯದ ನಂತರ ಅವನು ಮಾತಾಡಿದ್ದನ್ನು ಕೇಳಿ ನಾನು ಅತ್ತಿದ್ದೇನೆ. ಆದರೆ ಲೆಕ್ಕಕ್ಕೆ ಕೂತಾಗ ಇದನ್ನು ಇಷ್ಟದ ಪಟ್ಟಿಗೆ ಹಾಕಿದೆ, ದೊಡ್ಡತನದ ಪಟ್ಟಿಗಲ್ಲ. ಗೋಲು ಕಾಯುವ ಕೆಲಸಕ್ಕೆ ಸೇರಿದ್ದಲ್ಲ ಅದು. 2025ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಪಿಎಸ್‌ಜಿ ವಿರುದ್ಧ ಮಾಡಿದ 9 ಸೇವ್ ಮಾತ್ರ ದೊಡ್ಡತನದ ಪಟ್ಟಿಯಲ್ಲಿ ಮೊದಲ ಸಾಲಿಗೇ ಹೋಯಿತು. ಇಡೀ ಪಂದ್ಯ ಅವರದ್ದು, 87ನೇ ನಿಮಿಷದಲ್ಲಿ ಎಲಿಯಟ್ ಹೊಡೆದ ಗೋಲಿನಿಂದ ಗೆದ್ದದ್ದು ನಾವು. ಲಿವರ್‌ಪೂಲ್ ಕೀಪರ್ ಒಬ್ಬ ಅಷ್ಟು ಚೆನ್ನಾಗಿ ಆಡಿದ ಇನ್ನೊಂದು ಪಂದ್ಯ ನಾನು ನೋಡಿಲ್ಲ.

ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರಿದ್ದಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದು ಆನ್‌ಫೀಲ್ಡ್‌ನ ಕಾಪ್ ಅನ್ನುವ ಪ್ರೇಕ್ಷಕರ ಸ್ಟ್ಯಾಂಡ್‌ನಲ್ಲಿ ನಿಂತು ಪಂದ್ಯ ನೋಡಿದವರು. ಅವರನ್ನು ಕೇಳಿದೆ, "ಅಂಕಲ್, ಕ್ಲೆಮೆನ್ಸ್ ಮಾಡಿದ ಸೇವ್‌ಗಳಲ್ಲಿ ನಿಮಗೆ ಮರೆಯಲಾಗದ್ದು ಯಾವುದು?"

ಸ್ವಲ್ಪ ಯೋಚಿಸಿದರು. "ಒಂದೂ ತಟ್ಟನೆ ಹೊಳೀತಿಲ್ಲ ಕಣಪ್ಪ. ಚೆಂಡು ಅವನ ಕಡೆ ಹೋದರೆ ನಾವು ಪಕ್ಕದವರ ಹತ್ರ ಮಾತು ಮುಂದುವರಿಸ್ತಿದ್ವಿ."

ನನ್ನ ತೀರ್ಮಾನ ಕ್ಲೆಮೆನ್ಸ್. ಕಾರಣ ಸರಳ. ಕೌಶಲದಲ್ಲಿ ಅಲಿಸನ್ ಮುಂದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೀಪರ್ ಮೊದಲು ಮೈದಾನದಲ್ಲಿ ಇರಬೇಕು. ಅಲಿಸನ್‌ನನ್ನು ತೊಡೆಯ ಸ್ನಾಯುವಿನ ನೋವು ಮತ್ತೆ ಮತ್ತೆ ಹೊರಗೆ ಕೂರಿಸಿದೆ, ಹಲವು ಸಲ ಎರಡನೇ ಕೀಪರ್ ಕೆಲ್ಲೆಹರ್ ಬಂದು ಕಾಪಾಡಿದ. ಕ್ಲೆಮೆನ್ಸ್ 1967ರಲ್ಲಿ ಸ್ಕನ್‌ಥಾರ್ಪ್‌ನಿಂದ 18,000 ಪೌಂಡ್‌ಗೆ ಬಂದ. ಎರಡೂವರೆ ವರ್ಷ ಮೀಸಲು ತಂಡದಲ್ಲಿ ಕಾದ. 1970ರಲ್ಲಿ ವ್ಯಾಟ್‌ಫರ್ಡ್ ವಿರುದ್ಧ ಎಫ್‌ಎ ಕಪ್‌ನಲ್ಲಿ ಸೋತ ಮೇಲೆ ಮ್ಯಾನೇಜರ್ ಶ್ಯಾಂಕ್ಲಿ ಲಾರೆನ್ಸ್‌ನನ್ನು ಬಿಟ್ಟು ಇವನಿಗೆ ಗೋಲು ಕೊಟ್ಟರು. ಅಲ್ಲಿಂದ 1981ರವರೆಗೆ ಅವನು ತಪ್ಪಿಸಿಕೊಂಡ ಲೀಗ್ ಪಂದ್ಯಗಳು ಬೆರಳೆಣಿಕೆಯಷ್ಟು. ಐದು ಲೀಗ್, ಮೂರು ಯುರೋಪಿಯನ್ ಕಪ್, ಎರಡು ಯುಇಎಫ್‌ಎ ಕಪ್. 1973ರ ಯುಇಎಫ್‌ಎ ಕಪ್ ಫೈನಲ್ ಅದೇ ಮೊಂಚೆನ್‌ಗ್ಲಾಡ್‌ಬಾಕ್ ವಿರುದ್ಧ ಎರಡು ಪಂದ್ಯ ಸೇರಿ ಒಟ್ಟು 3-2ರಲ್ಲಿ ಗೆದ್ದದ್ದು, ಅದರಲ್ಲಿ ಆನ್‌ಫೀಲ್ಡ್‌ನಲ್ಲಿ ಹೈಂಕೆಸ್‌ನ ಪೆನಾಲ್ಟಿಯನ್ನು ಅವನು ಹಿಡಿದಿದ್ದ. ಒಟ್ಟು ಸ್ಕೋರ್ ಸಮವಾದರೆ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲು ಎರಡೆರಡಾಗಿ ಎಣಿಕೆಯಾಗುತ್ತಿದ್ದ ಕಾಲ ಅದು. ಆ ಒಂದು ಪೆನಾಲ್ಟಿ ಒಳಗೆ ಹೋಗಿದ್ದರೆ ಕಪ್ ಜರ್ಮನಿಗೆ ಹೋಗುತ್ತಿತ್ತು.

ಹುಡುಗರು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಬ್ಬ 1976ರ ಹ್ಯಾಂಪ್‌ಡೆನ್ ಪಂದ್ಯ ತೋರಿಸಿದ. ಸ್ಕಾಟ್ಲೆಂಡ್‌ನ ಡಾಲ್‌ಗ್ಲಿಶ್ ಹೊಡೆದದ್ದು ಇಂಗ್ಲೆಂಡ್‌ನ ಗೋಲಿನಲ್ಲಿದ್ದ ಕ್ಲೆಮೆನ್ಸ್‌ನ ಕಾಲಿನ ಮಧ್ಯೆ ಹೋಗುತ್ತದೆ. ಹೌದು, ಹೋಯಿತು. ಮರುವರ್ಷ ಅದೇ ಡಾಲ್‌ಗ್ಲಿಶ್ ಲಿವರ್‌ಪೂಲ್‌ಗೇ ಬಂದ.

ಮೂರನೇ ಜಾಗಕ್ಕೆ ಗ್ರೊಬ್ಬೆಲಾರ್‌ನನ್ನು ಇಟ್ಟಿದ್ದೇನೆ. 628 ಪಂದ್ಯ, ಆರು ಲೀಗ್. 1984ರ ರೋಮ್ ಫೈನಲ್‌ನಲ್ಲಿ ಗೆರೆ ಮೇಲೆ ಕಾಲು ನಡುಗಿಸಿ ನಟಿಸಿ ಗ್ರಾಜಿಯಾನಿಯ ಪೆನಾಲ್ಟಿ ಬಾರ್ ಮೇಲೆ ಹೋಗುವ ಹಾಗೆ ಮಾಡಿದವನು. ರೈನಾ ಅವನ ಹಿಂದೆ. 2006ರ ಎಫ್‌ಎ ಕಪ್ ಫೈನಲ್‌ನಲ್ಲಿ ವೆಸ್ಟ್ ಹ್ಯಾಮ್‌ನ ಮೂರು ಪೆನಾಲ್ಟಿ ಹಿಡಿದರೂ ಅವನ ಕಾಲದಲ್ಲಿ ತಂಡಕ್ಕೆ ಲೀಗ್ ಬರಲಿಲ್ಲ, ಅದು ಅವನ ತಪ್ಪಲ್ಲ. ಲಾರೆನ್ಸ್ ಐದನೆಯವನು. ಗೆರೆ ಬಿಟ್ಟು ಮುಂದೆ ಬಂದು ಆಡುವುದನ್ನು ಅರವತ್ತರ ದಶಕದಲ್ಲೇ ಮಾಡಿದವನು, ಕ್ಲೆಮೆನ್ಸ್ ಅದನ್ನೇ ಮುಂದುವರಿಸಿದ.

ಎಲಿಷಾ ಸ್ಕಾಟ್‌ಗೆ ನಾನು ಜಾಗ ಕೊಟ್ಟಿಲ್ಲ. ಬೆಲ್‌ಫಾಸ್ಟ್‌ನವನು, 1912ರಿಂದ 1934ರವರೆಗೆ ಕ್ಲಬ್‌ನಲ್ಲಿದ್ದ, ಮಧ್ಯೆ ಮಹಾಯುದ್ಧ ಬಂದರೂ 468 ಪಂದ್ಯ ಆಡಿದ, 1922 ಮತ್ತು 1923ರಲ್ಲಿ ಸತತ ಎರಡು ಲೀಗ್ ಗೆದ್ದ. ತಲೆಯಿಂದ ಗೋಲು ಹೊಡೆಯುವುದಕ್ಕೆ ಹೆಸರಾದ ಎವರ್ಟನ್‌ನ ಡಿಕ್ಸಿ ಡೀನ್ ರಸ್ತೆಯಲ್ಲಿ ಎದುರಾಗಿ ತಲೆ ಆಡಿಸಿದರೆ ಸ್ಕಾಟ್ ಅಲ್ಲೇ ಹಾರಿ ಬೀಳುತ್ತಿದ್ದ ಅಂತ ಲಿವರ್‌ಪೂಲ್ ಊರಲ್ಲಿ ಈಗಲೂ ಕತೆ ಹೇಳುತ್ತಾರೆ. ಆದರೆ ನನ್ನ ವಿಧಾನ ಪೂರ್ತಿ ಪಂದ್ಯ ನೋಡುವುದು, ಅವನದು ನೋಡಲು ಸಿಗುವುದಿಲ್ಲ. ನೋಡದವನಿಗೆ ಅಂಕ ಕೊಡಲಾರೆ ಅಂದೆ. ಅಂಕಲ್‌ಗೆ ಇದು ಸರಿ ಬಂದಿಲ್ಲ, ನೋಡಿದವರು ಬರೆದಿಟ್ಟದ್ದನ್ನು ನಂಬಬೇಕು ಅಂತ ಅವರ ವಾದ. ಮುಂದಿನ ಪಂದ್ಯದ ದಿನ ಇದನ್ನೇ ಎತ್ತಿಕೊಳ್ಳುತ್ತಾರೆ.