ಕೂಗು ಎಣಿಸುವ ಕುಕ್ಕರ್ ಇದಲ್ಲ: ಜಿಂಕೆ ಮಾಂಸ ಭರಣಿಗೆ ತುಂಬುವ ನನ್ನ ಕ್ರಮ

ಊರಿನಲ್ಲಿ ಜಿಂಕೆಯ ಮೇಲೆ ಕೈ ಮಾಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು. ನಾನಿರುವ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪರವಾನಗಿ ಪಡೆದು ಜಿಂಕೆ ಹೊಡೆಯುವುದು ಊರಿಗೆ ಊರೇ ಕಾಯುವ ನವೆಂಬರ್ ತಿಂಗಳ ಸಂಭ್ರಮ. ಬಂದೂಕು ಬೇಟೆಯ ಮುಖ್ಯ ಋತು ಒಂಬತ್ತು ದಿನ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ಆ ವಾರ ಎಲ್ಲರ ಫ್ರೀಜರ್‌ಗಳೂ ತುಂಬಿ ತುಳುಕುತ್ತವೆ. ಹೆಚ್ಚಾದದ್ದನ್ನು ನಾನು ಗಾಜಿನ ಭರಣಿಗೆ ತುಂಬಿ, ಒತ್ತಡದ ಹಬೆಯಲ್ಲಿ ಬೇಯಿಸಿ, ಕಪಾಟಿನಲ್ಲಿ ಇಡುತ್ತೇನೆ. ಅದಕ್ಕೆ ಕರೆಂಟ್ ಬೇಡ, ಐಸ್ ಕರಗಲು ಕಾಯುವುದೂ ಬೇಡ.

ಮಾಂಸ ಮನೆಗೆ ಬಂದ ಕೂಡಲೇ ಭರಣಿ ಹುಡುಕುವುದಿಲ್ಲ. ಜಿಂಕೆಗಳ ಮಿದುಳನ್ನು ತಿನ್ನುವ ಸಿಡಬ್ಲ್ಯೂಡಿ ಎಂಬ ರೋಗ ಇಲ್ಲಿ 2002ರಲ್ಲಿ ಪತ್ತೆಯಾಗಿ, ಇಂದಿಗೂ ಉಳಿದಿದೆ. ಅದಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನ್ ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ, ಭರಣಿಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ಕ್ಯಾನರ್ ಎಂಬ ಪಾತ್ರೆ ಕೂಡ ಅದರ ಮುಂದೆ ಸೋಲುತ್ತದೆ. ಹಾಗಾಗಿ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರ್‌ನಲ್ಲೇ ಬಿಡುತ್ತೇನೆ. ರೋಗವಿದೆ ಎಂದು ಬಂದರೆ ತಿನ್ನುವ ಮಾತೇ ಇಲ್ಲ.

ನನ್ನ ಕ್ಯಾನರ್ ಇದೇ ರಾಜ್ಯದ ಮ್ಯಾನಿಟೊವಾಕ್ ಊರಿನಲ್ಲಿ ತಯಾರಾಗುವ ಆಲ್ ಅಮೆರಿಕನ್. ದಪ್ಪ ಅಲ್ಯೂಮಿನಿಯಂ ಪಾತ್ರೆ, ರಬ್ಬರ್ ಗ್ಯಾಸ್ಕೆಟ್ ಇಲ್ಲ. ಲೋಹಕ್ಕೆ ಲೋಹ ಕೂರುವ ಮುಚ್ಚಳವನ್ನು ಸುತ್ತಲಿನ ತಿರುಪುಗಳಿಂದ ಬಿಗಿಯಬೇಕು. ಎದುರುಬದುರಿನ ತಿರುಪುಗಳನ್ನು ಜೋಡಿಯಾಗಿ ತಿರುಗಿಸಿದರೆ ಮಾತ್ರ ಮುಚ್ಚಳ ಸಮನಾಗಿ ಕೂರುತ್ತದೆ. ಗಾಜಿನ ಹಾಸಿನ ಒಲೆಗೆ ಇದು ಒಗ್ಗದು, ಗ್ಯಾಸ್ ಒಲೆಯೇ ಸರಿ.

ನಮ್ಮವರು ನೋಡಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಮನೆಯ ಕುಕ್ಕರ್ ಸಾಲದೇ? ಹತ್ತು ಕೂಗು ಕೂಗಿಸಿದರಾಯಿತಲ್ಲ?" ಸಾಲದು. ಬೇಳೆ ಬೆಂದಿತೇ ಎಂದು ನೋಡಲು ಕೂಗು ಸಾಕು. ಇಲ್ಲಿ ಕೊಲ್ಲಬೇಕಾದದ್ದು ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನು. ಅವು ಕುದಿಯುವ ನೀರಿನಲ್ಲೂ ಬದುಕುತ್ತವೆ. ಹುಳಿಯಿಲ್ಲದ, ಗಾಳಿಯಿಲ್ಲದ ಭರಣಿಯೊಳಗೆ ಎಚ್ಚೆತ್ತು ವಿಷ ಕಾರುತ್ತವೆ. ಆ ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಭರಣಿಯ ನಟ್ಟನಡುವಿನ ತುಂಡಿಗೂ ಸಾಕಷ್ಟು ಕಾವು ತಲುಪಬೇಕಾದರೆ ಸುಮಾರು 116 ಡಿಗ್ರಿ ಸೆಲ್ಸಿಯಸ್ ಹಬೆ ಒಂದೇ ಸಮನೆ ಇರಬೇಕು. ಪುಟ್ಟ ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ. ಅಮೆರಿಕದ ಕೃಷಿ ಇಲಾಖೆ ಪರೀಕ್ಷಿಸಿ ಕೊಟ್ಟಿರುವ ಸಮಯಗಳು ಅದಕ್ಕೆ ಹೊಂದುವುದಿಲ್ಲ. ಇಲ್ಲಿನ ಕೆಲವು ಹಳಬರು, ತಮ್ಮ ಅಜ್ಜಿ ಬರೀ ಕುದಿಯುವ ನೀರಿನಲ್ಲಿ ಮೂರು ಗಂಟೆ ಇಟ್ಟು ತಿನ್ನಿಸಿದ್ದರೂ ಏನೂ ಆಗಿರಲಿಲ್ಲ ಎನ್ನುತ್ತಾರೆ. ಅದು ಅಜ್ಜಿಯ ಅದೃಷ್ಟ, ವಿಧಾನವಲ್ಲ.

ಮಾಂಸವನ್ನು ಅರ್ಧ ಗಟ್ಟಿಯಾಗಿರುವಾಗಲೇ ಹೆಚ್ಚುತ್ತೇನೆ, ಚಾಕು ಜಾರುವುದಿಲ್ಲ. ಹೆಚ್ಚು ಹೊತ್ತು ಹಿಡಿಯುವುದು ಬಿಳಿ ಪೊರೆ ಮತ್ತು ಕೊಬ್ಬನ್ನು ತೆಗೆಯುವುದೇ. ಪೊರೆಯ ಕೆಳಗೆ ಚಾಕುವಿನ ತುದಿ ತೂರಿಸಿ, ಅಲಗನ್ನು ಸ್ವಲ್ಪ ಮೇಲ್ಮುಖವಾಗಿಸಿ ಎಳೆದರೆ ಪೊರೆ ಪಟ್ಟಿಯಾಗಿ ಕಿತ್ತು ಬರುತ್ತದೆ. ಜಿಂಕೆಯ ಕೊಬ್ಬನ್ನು ಒಂದಿಷ್ಟೂ ಬಿಡುವುದಿಲ್ಲ. ಅದು ಬಾಯಿಯಲ್ಲಿ ಮೇಣದಂತೆ ಅಂಟುತ್ತದೆ, ಭರಣಿಯ ಅಂಚಿಗೆ ಹತ್ತಿದರೆ ಮುಚ್ಚಳ ಗಟ್ಟಿಯಾಗಿ ಕೂರುವುದಿಲ್ಲ. ಒಂದು ಅಂಗುಲದ ತುಂಡುಗಳನ್ನು, ಕಾಡಿನ ವಾಸನೆ ಜೋರಾಗಿದ್ದರೆ, ಉಪ್ಪುನೀರಿನಲ್ಲಿ ಒಂದು ಗಂಟೆ ನೆನೆಸಿ ತೊಳೆಯುತ್ತೇನೆ. ಒಂದು ಕ್ವಾರ್ಟ್ ನೀರಿಗೆ, ಅಂದರೆ ಲೀಟರಿಗೆ ತುಸು ಕಡಿಮೆ, ಒಂದು ದೊಡ್ಡ ಚಮಚ ಉಪ್ಪು.

ಪಿಂಟ್ ಭರಣಿಗೆ, ಅಂದರೆ ಅರ್ಧ ಕ್ವಾರ್ಟ್ ಹಿಡಿಯುವುದಕ್ಕೆ, ಹಸಿ ತುಂಡುಗಳನ್ನು ತುಂಬಿ, ಮೇಲೆ ಒಂದು ಅಂಗುಲ ಖಾಲಿ ಬಿಟ್ಟು, ಅರ್ಧ ಟೀ ಚಮಚ ಉಪ್ಪು ಹಾಕುತ್ತೇನೆ. ನೀರು ಹಾಕುವುದಿಲ್ಲ, ಮಾಂಸವೇ ರಸ ಬಿಡುತ್ತದೆ. ಮೇಲಿನ ತುಂಡು ರಸದಿಂದ ಹೊರಗುಳಿದು ಕಂದಾದರೆ ಚಿಂತೆಯಿಲ್ಲ. ಎಣ್ಣೆ, ಗಟ್ಟಿ ಮಸಾಲೆ, ಹಿಟ್ಟು ಯಾವುದನ್ನೂ ಒಳಗೆ ಹಾಕುವುದಿಲ್ಲ. ಕಾವು ಒಳಗಿಳಿಯುವ ವೇಗವೇ ಬದಲಾಗುತ್ತದೆ. ನಮ್ಮ ಮಸಾಲೆಯೆಲ್ಲ ಭರಣಿ ತೆರೆದ ಮೇಲೆ. ಅಂಚನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಮುಚ್ಚಳವಿಟ್ಟು, ಮುಚ್ಚಳವನ್ನು ಹಿಡಿದಿಡುವ ತಿರುಪಿನ ಬಳೆಯನ್ನು ಬೆರಳ ತುದಿಯ ಬಲದಿಂದಷ್ಟೇ ಬಿಗಿಯುತ್ತೇನೆ.

ಕ್ಯಾನರ್ ತಳದಲ್ಲಿ ಎರಡು-ಮೂರು ಅಂಗುಲ ಬಿಸಿನೀರು. ಮುಚ್ಚಿದ ಮೇಲೆ ತೂಕದ ಬಿಲ್ಲೆ ಇಡದೆ ಹತ್ತು ನಿಮಿಷ ಹಬೆ ನುಗ್ಗಲು ಬಿಡಬೇಕು. ಒಳಗೆ ಗಾಳಿ ಉಳಿದರೆ ಒತ್ತಡ ಸರಿಯಿದ್ದರೂ ಕಾವು ಕಡಿಮೆ ಇರುತ್ತದೆ. ಆಮೇಲೆ 10 ಪೌಂಡ್ ಒತ್ತಡಕ್ಕೆ ಹೊಂದುವ ತೂಕದ ಬಿಲ್ಲೆಯಿಟ್ಟು, ಅದು ಅಲುಗಾಡತೊಡಗಿದಾಗ ಗಡಿಯಾರ ನೋಡುತ್ತೇನೆ: ಪಿಂಟ್‌ಗೆ 75 ನಿಮಿಷ, ಕ್ವಾರ್ಟ್‌ಗೆ 90. ಸಮುದ್ರಮಟ್ಟದಿಂದ 1,000 ಅಡಿಗಿಂತ ಎತ್ತರದ ಊರಾದರೆ 15 ಪೌಂಡ್ ಬೇಕು. ಡೆನ್ವರ್‌ನಲ್ಲಿರುವ ನನ್ನ ಸ್ನೇಹಿತರಿಗೆ ಇದನ್ನೇ ಮೊದಲು ಹೇಳಿದೆ. ನಡುವೆ ಒತ್ತಡ ಇಳಿದರೆ ಎಣಿಕೆ ಮತ್ತೆ ಮೊದಲಿನಿಂದ. ಅದಕ್ಕೇ ಆ ಹೊತ್ತು ಅಡುಗೆಮನೆ ಬಿಟ್ಟು ಕದಲುವುದಿಲ್ಲ, ಊರಿಗೆ ಫೋನ್ ಮಾಡುವುದೂ ಅಲ್ಲಿಂದಲೇ.

ಒಲೆ ಆರಿಸಿದ ಮೇಲೆ ತಾನಾಗಿ ತಣಿಯಲು ಬಿಡಬೇಕು. ನಾವು ಅನ್ನದ ಕುಕ್ಕರ್ ಮೇಲೆ ತಣ್ಣೀರು ಸುರಿಯುತ್ತೇವಲ್ಲ, ಆ ಚಾಳಿ ಇಲ್ಲಿ ನಡೆಯದು. ಭರಣಿಯ ರಸವೆಲ್ಲ ಹೊರಗೆ ಉಕ್ಕುತ್ತದೆ. ಒತ್ತಡ ಸೊನ್ನೆಗಿಳಿದ ಮೇಲೆ ತೂಕ ತೆಗೆದು, ಹತ್ತು ನಿಮಿಷ ಬಿಟ್ಟು, ಮುಚ್ಚಳವನ್ನು ಮುಖದಿಂದ ಆಚೆಗೆ ವಾಲಿಸಿ ತೆರೆಯುತ್ತೇನೆ. ಭರಣಿಗಳು ರಾತ್ರಿಯಿಡೀ ಟವೆಲ್ ಮೇಲೆ. ಬೆಳಿಗ್ಗೆ ಮುಚ್ಚಳದ ನಡುಭಾಗ ಒಳಗೆ ಕುಸಿದು, ಒತ್ತಿದರೂ ಅಲುಗಾಡದಿದ್ದರೆ ಬಳೆ ಬಿಚ್ಚಿ, ತೊಳೆದು, ತಾರೀಖು ಬರೆದು ಕಪಾಟಿಗೆ ಸೇರಿಸುತ್ತೇನೆ. ಒಂದು ವರ್ಷದೊಳಗೆ ಮುಗಿಸುತ್ತೇವೆ. ಉಬ್ಬಿದ ಮುಚ್ಚಳ ಕಂಡರೆ ರುಚಿ ನೋಡುವ ಪ್ರಶ್ನೆಯೇ ಇಲ್ಲ.

ತೆರೆದದ್ದನ್ನು ಹತ್ತು ನಿಮಿಷ ಕುದಿಸಿಯೇ ತಿನ್ನುವುದು ಕ್ಷೇಮ. ಸಾರು ಮಾಡುವವರಿಗೆ ಇದೇನು ಹೆಚ್ಚಿನ ಕೆಲಸವಲ್ಲ: ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಕಾಯಿ ರುಬ್ಬಿ, ಭರಣಿಯ ರಸದ ಸಮೇತ ಸುರಿದು ಕುದಿಸಿದರೆ ಮುದ್ದೆಗೆ ಸಾರು ಸಿದ್ಧ. ಮಾಂಸ ಆಗಲೇ ಎಳೆಎಳೆಯಾಗಿ ಬಿಡುವಷ್ಟು ಮೆತ್ತಗಿರುವುದರಿಂದ ಸೌಟು ಜೋರಾಗಿ ಆಡಿಸಬಾರದು. ಬಿರಿಯಾನಿಗೆ ಮಾತ್ರ ಇದು ಬೇಡ, ತುಂಡು ನಿಲ್ಲುವುದಿಲ್ಲ. ಅದಕ್ಕೆಂದೇ ಬೆನ್ನಿನ ಮಾಂಸವನ್ನು ಫ್ರೀಜರ್‌ನಲ್ಲಿ ಉಳಿಸಿಕೊಳ್ಳುತ್ತೇನೆ.