ಕಪ್ಪು ಕಿಟಕಿಯಲ್ಲಿ ಕನ್ನಡ ಕೆಟ್ಟಾಗ

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನ್ನಡದ ಫೈಲ್ ತೆರೆದರೆ ಏನೇನೋ ಕಾಣುತ್ತಿದೆಯೇ? ಸೆಟ್ಟಿಂಗ್‌ಗೆ ಕೈ ಹಾಕುವ ಮೊದಲು ಎಂಥ ಕಸ ಬಂದಿದೆ ನೋಡಿ. ಖಾಲಿ ಚೌಕಗಳಾದರೆ ತೊಂದರೆ ಫಾಂಟ್‌ನದು, ಫೈಲ್ ಕೆಟ್ಟಿಲ್ಲ. ವಿಂಡೋಸ್ ಟರ್ಮಿನಲ್‌ನಲ್ಲಿ ತೆರೆದು ನೋಡಿ. (ಅಲ್ಲೂ ಒತ್ತಕ್ಷರ ಆಗಾಗ ಜಾಗ ತಪ್ಪುತ್ತದೆ.) ಫೈಲ್‌ನೊಳಗೇ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಅಕ್ಷರಗಳು ಹೋದವು, ಮೂಲ ಪ್ರತಿಯನ್ನೇ ಹುಡುಕಬೇಕು. ಗ್ರೀಕ್ ಆಲ್ಫಾ, ಚುಕ್ಕಿ ತುಂಬಿದ ಚೌಕ, ನೆತ್ತಿಯ ಮೇಲೆ ಗೀರಿರುವ ಇಂಗ್ಲಿಷ್ ‘ಓ’ ಸಾಲುಗಟ್ಟಿದ್ದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ತಪ್ಪಿದೆ.

ಯುನಿಕೋಡ್‌ನ ಎನ್‌ಕೋಡಿಂಗ್ ಆದ ಯುಟಿಎಫ್-8ರಲ್ಲಿ ‘ಕ’ ಮೂರು ಬೈಟ್‌ಗಳ ಅಕ್ಷರ: ಹೆಕ್ಸ್‌ನಲ್ಲಿ ಇ0, ಬಿ2, 95. ಕೋಡ್ ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿ) 437 ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುವುದರಿಂದ ಆ ಮೂರು ಚಿತ್ರಗಳು ಬೀಳುತ್ತವೆ. ‘ಕನ್ನಡ’ ಎಂಬ ಪದಕ್ಕೆ ಹಲಂತ ಸೇರಿ ಐದು ಸಂಕೇತ. ಪರದೆಯಲ್ಲಿ ಹದಿನೈದು ಕಸ.

ಇಂಗ್ಲಿಷ್ ಅಕ್ಷರಗಳಲ್ಲಿ ಸಿ-ಎಚ್-ಸಿ-ಪಿ ಎಂದಷ್ಟೇ ಒತ್ತಿದರೆ ಈಗಿರುವ ಕೋಡ್ ಪೇಜ್ ಗೊತ್ತಾಗುತ್ತದೆ. ಅದರ ಮುಂದೆ ಸ್ಪೇಸ್ ಬಿಟ್ಟು 65001 ಕೊಟ್ಟರೆ ಯುಟಿಎಫ್-8. ಕಿಟಕಿ ಮುಚ್ಚಿದರೆ ಮತ್ತೆ ಹಳೆಯದೇ. ಬ್ಯಾಚ್ ಫೈಲ್‌ನಲ್ಲಿ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಕನ್ನಡ ಇದ್ದರೆ ಈ ಕಮಾಂಡನ್ನು ಮೊದಲ ಸಾಲಿಗೇ ಹಾಕಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ‘ಯುಟಿಎಫ್-8’ ಆರಿಸಿ, ‘ವಿತ್ ಬಿಒಎಂ’ (ಫೈಲ್‌ನ ತಲೆಗೆ ಗುರುತಿನ ಮೂರು ಬೈಟ್ ಸೇರಿಸುವುದು) ಬೇಡ; ಆ ಮೂರು ಬೈಟ್ ಮೊದಲ ಕಮಾಂಡ್‌ಗೆ ಅಂಟಿಕೊಂಡು ಅದು ಓಡುವುದೇ ಇಲ್ಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು ಬೇರೆ ಕಥೆ. ಪರದೆಯಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ; ಬಾಣದ ಗುರುತು (>) ಹಾಕಿ ಔಟ್‌ಪುಟ್ಟನ್ನು ಫೈಲ್‌ಗೆ ತಿರುಗಿಸಿದೊಡನೆ ‘ಚಾರ್‌ಮ್ಯಾಪ್’ ಎರರ್. ಫೈಲ್‌ಗೆ ಬರೆಯುವಾಗ ಅದು ಸಿಸ್ಟಂನ ಕೋಡ್ ಪೇಜನ್ನು, ಸಾಮಾನ್ಯವಾಗಿ 1252ನ್ನು, ಹಿಡಿಯುತ್ತದೆ; 65001 ಕೊಟ್ಟರೂ ಕೇಳುವುದಿಲ್ಲ. ಮೊದಲು ‘ಸೆಟ್ ಪೈಥಾನ್‌ಯುಟಿಎಫ್8=1’ ಕೊಡಿ. ವೇರಿಯಬಲ್‌ನ ಹೆಸರು ಪೂರ್ತಿ ದೊಡ್ಡಕ್ಷರ, ನಡುವೆಯಾಗಲಿ ಸಮ ಚಿಹ್ನೆಯ ಆಚೀಚೆಯಾಗಲಿ ಸ್ಪೇಸ್ ಇರಕೂಡದು. ಪೈಥಾನ್ 3.7ರಿಂದೀಚೆಗೆ ಇದು ನಡೆಯುತ್ತದೆ.

ಪ್ರಶ್ನಾರ್ಥಕ ಚಿಹ್ನೆಗಳ ಹಾವಳಿ ಹೆಚ್ಚಾಗಿ ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್ 5.1ರದು. ಅಲ್ಲಿ ಫೈಲ್‌ಗೆ ಬರೆಯಲು ‘ಸೆಟ್-ಕಂಟೆಂಟ್’ ಬಳಸುವಾಗ ‘-ಎನ್‌ಕೋಡಿಂಗ್ ಯುಟಿಎಫ್8’ ಸೇರಿಸಲೇಬೇಕು. ಪವರ್‌ಶೆಲ್ 7ರಲ್ಲಿ ಈ ರಗಳೆ ಇಲ್ಲ.

ರೀಜನ್ ಸೆಟ್ಟಿಂಗ್‌ನಲ್ಲಿ ಇಡೀ ಯಂತ್ರವನ್ನೇ ಯುಟಿಎಫ್-8ಕ್ಕೆ ಬದಲಿಸುವ ‘ಬೀಟಾ’ ಗುರುತೂ ಇದೆ. ಹಳೆಯ ಅಕೌಂಟಿಂಗ್ ತಂತ್ರಾಂಶ ಇರುವ ಕಂಪ್ಯೂಟರ್‌ನಲ್ಲಿ ಅದನ್ನು ಮುಟ್ಟದಿರುವುದೇ ಲೇಸು. ಇನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಫೈಲ್‌ಗಳಿಗೆ ಮೇಲಿನ ಯಾವುದೂ ನಾಟುವುದಿಲ್ಲ: ಅಲ್ಲಿರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಮೊದಲು ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.